94 ಕೆಜಿ ತೂಕ, 43 ವಯಸ್ಸು. ಸೈಕಲ್ ಶುರು ಮಾಡಬೇಕು, ಧಾರವಾಡದಲ್ಲಿ ಎಲ್ಲಿಂದ, ಹೇಗೆ?

ಸಪ್ತಾಪುರದವಳು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ನನ್ನ ಎತ್ತರ ಐದು ಅಡಿ ಎರಡು ಇಂಚು, ತೂಕ 94 ಕೆಜಿ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ, ಮೂರು ತಿಂಗಳ ಸಕ್ಕರೆ ಲೆಕ್ಕ (ಎಚ್‌ಬಿಎ1ಸಿ) 6.2 ಬಂತು. ಡಾಕ್ಟರು "ಇನ್ನೂ ಶುಗರ್ ಅಂತ ಹೇಳೋದಿಲ್ಲ, ಆದರೆ ಬಾಗಿಲಿಗೆ ಬಂದು ನಿಂತಿದೆ" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮಮ್ಮ ಇದೇ ಕಾಯಿಲೆಯಲ್ಲಿ ಕಾಲಿನ ಬೆರಳು ಕಳೆದುಕೊಂಡಿದ್ದನ್ನು ನೋಡಿದವಳು ನಾನು.

ಮೊದಲು ವಾಕಿಂಗ್ ಮಾಡಿದೆ. ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ಎಡ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲು ಊರುವುದೇ ಕಷ್ಟ. ಆಫೀಸು ಎರಡನೇ ಮಹಡಿ, ಮೆಟ್ಟಿಲು ಹತ್ತಿ ಹೋದರೆ ಐದು ನಿಮಿಷ ಯಾರ ಜೊತೆಗೂ ಮಾತಾಡಲು ಆಗುವುದಿಲ್ಲ.

ಮಗ ಬೆಂಗಳೂರಿಗೆ ಓದಲು ಹೋದ. ಅವನ ಗೇರ್ ಸೈಕಲ್ ಮೆಟ್ಟಿಲ ಕೆಳಗೆ ಎರಡು ವರ್ಷದಿಂದ ನಿಂತಿದೆ. ಮೊನ್ನೆ ಭಾನುವಾರ ಒರೆಸಿ, ಗಾಳಿ ಹೊಡೆಸಿ, ಓಣಿಯಲ್ಲಿ ಹತ್ತಿದೆ. ನನಗೆ ಸೈಕಲ್ ಬರುತ್ತದೆ, ಸಣ್ಣವಳಿದ್ದಾಗ ಬ್ಯಾಡಗಿಯಲ್ಲಿ ತಾಸಿಗೆ ಒಂದು ರೂಪಾಯಿ ಬಾಡಿಗೆ ಕೊಟ್ಟು ಒಳಪೆಡಲ್ ಹೊಡೆದು ಕಲಿತಿದ್ದೆ. ಮೂವತ್ತು ವರ್ಷ ಆದಮೇಲೂ ಮೈ ಮರೆತಿರಲಿಲ್ಲ, ಅದೊಂದು ಖುಷಿ. ಆದರೆ ನಾಲ್ಕು ನಿಮಿಷಕ್ಕೆ ಉಸಿರು ಕಟ್ಟಿತು, ಸೀಟು ಕೂತಲ್ಲಿ ವಿಪರೀತ ನೋವು, ಅಂಗೈ ಕೆಂಪಾಯಿತು, ಹಿಂದಿನ ಚಕ್ರದಿಂದ ಕಟ್ ಕಟ್ ಅಂತ ಸದ್ದು. ನನ್ನ ಭಾರಕ್ಕೆ ಮುರಿಯುತ್ತದೇನೋ ಅಂತ ಹೆದರಿ ಇಳಿದುಬಿಟ್ಟೆ.

ಕೇಳಬೇಕಾದ್ದು ಇಷ್ಟು. ಈ ಸೈಕಲ್ ನನ್ನ ತೂಕ ಹೊರುತ್ತದಾ, ಬೇರೆ ತಗೋಬೇಕಾ? ಸೀಟಿನ ನೋವಿಗೆ ಏನು ಮಾಡಬೇಕು? ದಿನಕ್ಕೆ ಎಷ್ಟು ಹೊತ್ತು? ನಮ್ಮ ಊರಲ್ಲಿ ಯಾವ ಕಡೆ ಹೋದರೂ ಏರು, ಎಲ್ಲಿ ಹೊಡೆಯಬೇಕು? ಇನ್ನೊಂದು, ಜನ ನಿಂತು ನೋಡುತ್ತಾರೆ. ಅದಕ್ಕೆ ಏನು ಮಾಡುವುದು ಗೊತ್ತಿಲ್ಲ.


ನವನಗರ_ತುಳಿತ:

ಅಕ್ಕಾ, ನೀವು ಬರೆದದ್ದು ಓದಿ ನನ್ನ ಮೊದಲ ವಾರವೇ ಕಣ್ಣ ಮುಂದೆ ಬಂತು. ನಾನು ಶುರು ಮಾಡಿದಾಗ 118 ಕೆಜಿ ಇದ್ದೆ, ಈಗ 97. ಎರಡು ವರ್ಷ ಹಿಡಿಯಿತು, ಅದನ್ನು ಮೊದಲೇ ಹೇಳುತ್ತೇನೆ, ಯಾಕಂದರೆ ಮೂರು ತಿಂಗಳಲ್ಲಿ ಇಪ್ಪತ್ತು ಕೆಜಿ ಅನ್ನುವ ವಿಡಿಯೋ ನೋಡಿ ನಾನು ಎರಡು ಸಲ ಬಿಟ್ಟಿದ್ದೆ.

ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಉದ್ದ ಪ್ಲಾಟ್‌ಫಾರಂ ಗೊತ್ತಲ್ವಾ, 1,507 ಮೀಟರ್. ಮೊದಲ ದಿನ ನಾನು ಹೊಡೆದದ್ದು ಹೆಚ್ಚುಕಡಿಮೆ ಅಷ್ಟೇ, ಅದರಲ್ಲೂ ನಡುವೆ ಎರಡು ಸಲ ನಿಂತೆ. ಹಾಗಾಗಿ ನಾಲ್ಕು ನಿಮಿಷ ಅಂದರೆ ಕಡಿಮೆ ಅಂದುಕೊಳ್ಳಬೇಡಿ.

ಕಿಲೋಮೀಟರ್ ಲೆಕ್ಕ ಬಿಡಿ, ಗಡಿಯಾರ ನೋಡಿ. ಮನೆಯಿಂದ ಆರು ನಿಮಿಷ ಹೋಗಿ, ಅಲ್ಲಿಂದ ತಿರುಗಿ. ಒಟ್ಟು ಹನ್ನೆರಡು ನಿಮಿಷ, ವಾರಕ್ಕೆ ನಾಲ್ಕು ದಿನ. ಸಾಕು. ಮರುವಾರ ಹೋಗುವುದಕ್ಕೆ ಒಂದು ನಿಮಿಷ, ಬರುವುದಕ್ಕೆ ಒಂದು ನಿಮಿಷ ಸೇರಿಸಿ. ವೇಗ ಎಷ್ಟಿರಬೇಕು ಅಂದರೆ, ಪಕ್ಕದಲ್ಲಿ ಯಾರಾದರೂ ಬಂದರೆ ಅವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ನಿಧಾನ ಮಾಡಿ. ನಾಲ್ಕು ನಿಮಿಷಕ್ಕೆ ಉಸಿರು ಕಟ್ಟಿದ್ದಕ್ಕೆ ಬಹುಶಃ ಗೇರ್ ಕಾರಣ. ಎರಡು ವರ್ಷ ನಿಂತ ಸೈಕಲ್, ನಿಮ್ಮ ಮಗ ಬಿಟ್ಟ ಗೇರಿನಲ್ಲೇ ಇರುತ್ತದೆ, ಹುಡುಗರು ಯಾವಾಗಲೂ ಗಟ್ಟಿ ಗೇರಿನಲ್ಲೇ ಓಡಿಸುತ್ತಾರೆ. ಮುಂದೆ ಹಲ್ಲಿನ ಚಕ್ರ ಮೂರು ಇದ್ದರೆ ನಡುವಿನದಕ್ಕೆ ಹಾಕಿ, ಏರು ಬಂದರೆ ಎಲ್ಲಕ್ಕಿಂತ ಸಣ್ಣದಕ್ಕೆ. ಹಿಂದೆ ಅದರ ಉಲ್ಟಾ, ದೊಡ್ಡ ಚಕ್ರ ಅಂದರೆ ಹಗುರ. ಒಂದು ನಿಮಿಷಕ್ಕೆ ಪೆಡಲ್ ಅರವತ್ತು ಎಪ್ಪತ್ತು ಸುತ್ತು ಸಲೀಸಾಗಿ ತಿರುಗಬೇಕು, ಒತ್ತಿ ಒತ್ತಿ ತುಳಿಯುವ ಹಾಗೆ ಇರಬಾರದು. ಗೇರನ್ನು ಏರು ಶುರುವಾಗುವ ಮೊದಲೇ ಬದಲಿಸಿ, ಏರಿನ ನಡುವೆ ಭಾರ ಹಾಕಿ ತುಳಿಯುವಾಗ ಬದಲಿಸಿದರೆ ಚೈನ್ ಕಳಚುತ್ತದೆ.

ಜಾಗದ ಬಗ್ಗೆ. ಕೆಸಿಡಿ ಒಳಗಿನ ರಸ್ತೆಯಲ್ಲೇ ಶುರು ಮಾಡಿ, ಬೆಳಿಗ್ಗೆ ಆರಕ್ಕೆ ಗಾಡಿ ಕಡಿಮೆ. ಕೆಲಗೇರಿ ಕೆರೆ ಚೆಂದ, ಆದರೆ ಕೆರೆಗೆ ಹೋಗುವಾಗ ಇಳಿಜಾರು, ಸುಸ್ತಾಗಿ ಬರುವಾಗ ಏರು. ಮೊದಲ ತಿಂಗಳು ಅದು ಬೇಡ. ಯಾವ ದಾರಿ ಆದರೂ ಹೋಗುವಾಗ ಏರು, ಬರುವಾಗ ಇಳಿಜಾರು ಇರುವ ಹಾಗೆ ನೋಡಿಕೊಳ್ಳಿ. ಹುಬ್ಬಳ್ಳಿ ಧಾರವಾಡ ದೊಡ್ಡ ರಸ್ತೆಗೆ ಈಗಲೇ ಬರಬೇಡಿ. ಚಿಗರಿ ಬಸ್ಸಿಗೆ ಅಂತಲೇ ಬೇರೆ ಮಾಡಿದ ದಾರಿಯೊಳಗೆ ನಮಗೆ ಬಿಡುವುದಿಲ್ಲ, ಪಕ್ಕದ ರಸ್ತೆಯಲ್ಲಿ ಲಾರಿ, ಟಂಟಂ ಎಲ್ಲ ಮೈಮೇಲೆ ಬರುತ್ತವೆ.

ಸೀಟಿಗೆ ಜೆಲ್ ಕವರ್ ಸಿಗುತ್ತದೆ, ಒಂದು ತಗೊಂಡು ಹಾಕಿ, ನನಗೆ ಆರಾಮ ಆಯಿತು.


ಭಾನುವಾರ_ಸವಾರ:

ಮೇಡಂ, ನಮ್ಮ ಗುಂಪು ಪ್ರತಿ ಭಾನುವಾರ ಉಣಕಲ್ ಕೆರೆ ಹತ್ತಿರ ಸೇರಿ ಧಾರವಾಡಕ್ಕೆ ಹೋಗಿ ಬರುತ್ತದೆ. ಹೋಗಿ ಬರಲು 30 ಕಿಲೋಮೀಟರಿಗೂ ಹೆಚ್ಚು. ಎರಡನೇ ವಾರಕ್ಕೇ ಬಂದುಬಿಡಿ, ಗುಂಪಿನಲ್ಲಿ ಇದ್ದರೆ ತಾನೇ ಆಗುತ್ತದೆ. ಸುಮ್ನೆ ಹನ್ನೆರಡು ನಿಮಿಷ ಹೊಡೆದರೆ ಏನೂ ಇಳಿಯುವುದಿಲ್ಲ.


ವಿದ್ಯಾನಗರ_ಫಿಸಿಯೋ:

ಮೇಲಿನ ತಮ್ಮನ ಮಾತು ಈಗ ಕೇಳಬೇಡಿ ಮೇಡಂ. ಅವರ ಉತ್ಸಾಹ ಒಳ್ಳೆಯದೇ, ಆದರೆ ಎರಡನೇ ವಾರಕ್ಕೆ ಅಷ್ಟು ದೂರ ಹೊಡೆದು ಮೂರನೇ ವಾರ ಮಂಡಿ ಹಿಡಿದುಕೊಂಡು ನನ್ನ ಹತ್ತಿರ ಬಂದವರನ್ನು ನಾನು ಎಷ್ಟೋ ನೋಡಿದ್ದೇನೆ. ಉಸಿರು ಬೇಗ ಸುಧಾರಿಸುತ್ತದೆ, ಸ್ನಾಯು ಅದರ ಹಿಂದೆ, ಕೀಲು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ ಗಟ್ಟಿಯಾಗಲು ಇನ್ನೂ ಹೆಚ್ಚು ದಿನ ಬೇಕು. ಹಾಗಾಗಿ "ಇವತ್ತು ಇನ್ನೂ ಹೊಡೀಬಹುದು" ಅನಿಸುವಾಗಲೇ ಮನೆಗೆ ತಿರುಗಿ.

ಮೊದಲು ಒಮ್ಮೆ ಬಿಪಿ ನೋಡಿಸಿ, ಡಾಕ್ಟರಿಗೆ ಸೈಕಲ್ ಹೊಡೆಯುತ್ತೇನೆ ಅಂತ ಹೇಳಿ. ಎದೆ ಬಿಗಿಯುವುದು, ಎಡತೋಳು ಅಥವಾ ದವಡೆಗೆ ನೋವು ಹರಿಯುವುದು, ತಲೆ ತಿರುಗುವುದು ಆದರೆ ಅಲ್ಲೇ ಇಳಿದು ಕೂತುಬಿಡಿ, ಯಾರನ್ನಾದರೂ ಕರೆದು ನೇರ ಆಸ್ಪತ್ರೆಗೆ ಹೋಗಿ, ಮನೆಗಲ್ಲ. ನಿಮಗೆ ಈಗ 6.2, ಅದು ಶುಗರ್ ಬರುವ ಮುಂಚಿನ ಹಂತ, 6.5 ಮುಟ್ಟಿದರೆ ಶುಗರ್ ಅನ್ನುತ್ತಾರೆ. ಮಾತ್ರೆ ಶುರುವಾಗಿಲ್ಲ ಅಂದುಕೊಳ್ಳುತ್ತೇನೆ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊಡೆಯಬೇಡಿ, ಸಕ್ಕರೆ ಪಟಕ್ಕನೆ ಇಳಿಯಬಹುದು. ಕಿಸೆಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಿ.

ಸೈಕಲ್ ನಿಮಗೆ ಸರಿ ಅನ್ನಲು ಕಾರಣ ಇದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಪೂರ್ತಿ ಭಾರ ಹಿಮ್ಮಡಿ ಮೇಲೆ ಬೀಳುತ್ತದೆ, ಸೈಕಲ್ ಮೇಲೆ ಹೆಚ್ಚಿನ ಭಾರವನ್ನು ಸೀಟು ಹೊರುತ್ತದೆ. ಆದರೆ ಸೀಟಿನ ಎತ್ತರ ತಪ್ಪಿದರೆ ಈ ಲಾಭ ಹೋಯಿತು. ಗೋಡೆ ಹಿಡಿದು ಸೈಕಲ್ ಮೇಲೆ ಕೂತುಕೊಳ್ಳಿ. ಪೆಡಲ್ ಪೂರ್ತಿ ಕೆಳಗೆ ಇದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ಸ್ವಲ್ಪ ಬಾಗಿರುತ್ತದೆ, ಅದು ಸರಿಯಾದ ಎತ್ತರ. ಹೊಸಬರು ಎರಡೂ ಕಾಲು ನೆಲಕ್ಕೆ ಊರಬೇಕು ಅಂತ ಸೀಟು ಕೆಳಗೆ ಇಳಿಸುತ್ತಾರೆ, ಮಂಡಿಯ ಮುಂದೆ ನೋವು ಬರುವುದು ಅದರಿಂದಲೇ. ಭಯ ಆದರೆ ಈಗ ಸ್ವಲ್ಪ ಕೆಳಗೆ ಇಟ್ಟುಕೊಂಡು ವಾರಕ್ಕೆ ಒಂದು ಬೆರಳಿನಷ್ಟು ಏರಿಸಿ. ನಿಲ್ಲುವಾಗ ಸೀಟಿನಿಂದ ಮುಂದೆ ಜಾರಿ ನಿಲ್ಲಬೇಕು, ಕೂತೇ ಕಾಲು ಊರಲು ಹೋಗಬಾರದು. ಇದನ್ನು ಓಣಿಯಲ್ಲಿ ಹತ್ತು ಸಲ ಕಲಿತುಕೊಳ್ಳಿ.

ಹಿಮ್ಮಡಿಗೆ, ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಟವೆಲ್ಲನ್ನು ಪಾದದ ಮುಂಭಾಗಕ್ಕೆ ಹಾಕಿ ನಿಮ್ಮ ಕಡೆ ಎಳೆದು ಅರ್ಧ ನಿಮಿಷ ಹಿಡಿಯಿರಿ, ಮೂರು ಸಲ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಗೆ ಮೂರು ತಿಂಗಳಲ್ಲಿ ತಲುಪಿದರೂ ಒಳ್ಳೆಯದೇ.

ತೂಕದ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮ ತೂಕಕ್ಕೆ ಅರ್ಧ ತಾಸು ಆರಾಮಾಗಿ ಹೊಡೆದರೆ ಸುಮಾರು 250ರಿಂದ 300 ಕ್ಯಾಲೊರಿ ಹೋಗುತ್ತದೆ. ವಾಪಸ್ ಬರುವಾಗ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿಂದರೆ ಹೋದದ್ದು ಬಂತು. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ. ಸೈಕಲ್ಲು ಉಸಿರಿಗೆ, ಸಕ್ಕರೆಗೆ, ನಿದ್ದೆಗೆ. ತೂಕದ ಮುಳ್ಳು ಅಲುಗದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ.


ಬೆಟಗೇರಿ_ಅಂಗಡಿ:

ನಮ್ಮ ತಂದೆಯವರದು ಸೈಕಲ್ ಅಂಗಡಿ, ಗದಗ ಬೆಟಗೇರಿಯಲ್ಲಿ. ನಾನು ಹುಟ್ಟಿದ್ದೇ ಪಂಕ್ಚರ್ ನೀರಿನ ಬುಟ್ಟಿ ಪಕ್ಕ ಅನ್ನಬಹುದು. ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಸೈಕಲ್ ರೇಸಿನಲ್ಲಿ ದೇಶಕ್ಕೆಲ್ಲ ಗೊತ್ತು. ಆದರೆ ನಮ್ಮ ಅಂಗಡಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹಾಲಿನವರು, ಕಾಯಿಪಲ್ಲೆಯವರು. ಹಿಂದಿನ ಕ್ಯಾರಿಯರ್ ಮೇಲೆ ಒಂದು ಕ್ವಿಂಟಲ್ ಜೋಳದ ಚೀಲ ಹೇರಿಕೊಂಡು ಬರುವವರನ್ನು ನೋಡಿದ್ದೇನೆ. ಆ ಹಳೆ ಕರಿ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಹಿಂದೆ ಎಂಟು ಜಾಸ್ತಿ ಯಾಕೆ ಅಂದರೆ ಭಾರ ಬೀಳುವುದು ಅಲ್ಲೇ. ಅಕ್ಕಾರ, ಸೈಕಲ್ ಭಾರ ಹೊರುವುದಕ್ಕೇ ಹುಟ್ಟಿದ್ದು. ನಿಮ್ಮ 94 ಕೆಜಿಗೆ ಹೆದರುವ ವಸ್ತು ಅಲ್ಲ ಅದು.

ಆದರೆ ಆ ಕಟ್ ಕಟ್ ಸದ್ದು ಬಿಡಬೇಡಿ. ನನ್ನ ಅಂದಾಜು ಕಡ್ಡಿ ಸಡಿಲ ಆಗಿದೆ. ಹೀಗೆ ನೋಡಿ: ಹಿಂದಿನ ಚಕ್ರದ ಪಕ್ಕ ಕೂತು, ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟುತ್ತಾ ಹೋಗಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಡಬ್ ಅಂತ ಸತ್ತ ಸದ್ದು ಕೊಡುತ್ತದೆ. ನಾಲ್ಕೈದು ಡಬ್ ಸಿಕ್ಕರೆ ಅಂಗಡಿಗೆ ಒಯ್ದು ಕಡ್ಡಿ ಬಿಗಿ ಮಾಡಿಸಿ, ರಿಮ್ ಬೆಂಡ್ ತೆಗೆಸಿ. ಒಂದೇ ಕಡ್ಡಿ ಮುರಿದರೂ ಹಾಗೇ ಓಡಿಸಬೇಡಿ, ಅದರ ಭಾರ ಪಕ್ಕದವಕ್ಕೆ ಬಿದ್ದು ಅವೂ ಒಂದೊಂದಾಗಿ ಹೋಗುತ್ತವೆ. ಸೈಕಲ್ಲಿಗೆ ಹಿಂದೆಯೂ ಸ್ಪ್ರಿಂಗ್ ಇದೆಯಾ? ಇದ್ದರೆ ಅದು ನಿಮಗೆ ಆಗಿಬರುವುದಿಲ್ಲ, ತುಳಿದ ಶಕ್ತಿಯಲ್ಲಿ ಒಂದಿಷ್ಟನ್ನು ಸ್ಪ್ರಿಂಗೇ ನುಂಗುತ್ತದೆ. ಮುಂದೆ ಮಾತ್ರ ಇದ್ದರೆ ಪರವಾಗಿಲ್ಲ.

ಗಾಳಿ. ಇದನ್ನು ಯಾರೂ ಹೇಳುವುದಿಲ್ಲ. ಟೈರಿನ ಮಗ್ಗುಲಲ್ಲಿ ಎಷ್ಟರಿಂದ ಎಷ್ಟು ಗಾಳಿ ಅಂತ ಅಚ್ಚು ಹಾಕಿರುತ್ತಾರೆ. ಭಾರ ಇದ್ದವರು ಮೇಲಿನ ಅಂಕಿಯ ಹತ್ತಿರ ಇಡಬೇಕು, ಹಿಂದಿನದಕ್ಕೆ ಸ್ವಲ್ಪ ಜಾಸ್ತಿ, ಆದರೆ ಆ ಅಂಕಿ ದಾಟಬಾರದು. ಕಡಿಮೆ ಗಾಳಿಯಲ್ಲಿ ಗುಂಡಿಗೆ ಬಿದ್ದರೆ ರಿಮ್ಮಿನ ಅಂಚು ಟ್ಯೂಬನ್ನು ಚಿವುಟುತ್ತದೆ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಒಂದೇ ತೂತು ಇದ್ದರೆ ಹೆಚ್ಚಾಗಿ ಮುಳ್ಳು, ನಮ್ಮ ಕಡೆ ಬಳ್ಳಾರಿ ಜಾಲಿಯದು. ಪಂಕ್ಚರ್ ಹಾಕಿಸುವಾಗ ಟೈರಿನ ಒಳಗೆ ಹತ್ತಿ ಸವರಲು ಹೇಳಿ. ಮುಳ್ಳಿನ ತುದಿ ಉಳಿದಿದ್ದರೆ ಹತ್ತಿ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ಮರುದಿನ ಮತ್ತೆ ಪಂಕ್ಚರ್. ಮಳೆ ಬಿದ್ದ ಮರುದಿನ ಎರೆ ಹೊಲದ ದಾರಿಗೆ ಹೋಗಬೇಡಿ, ಮಣ್ಣು ಮಡ್ಗಾರ್ಡಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ, ಹೊತ್ತುಕೊಂಡು ಬರಬೇಕಾಗುತ್ತದೆ.

ಜೆಲ್ ಕವರ್ ವಿಷಯಕ್ಕೆ ನವನಗರದ ಅಣ್ಣನ ಮಾತು ನಾನು ಒಪ್ಪುವುದಿಲ್ಲ. ಹತ್ತು ನಿಮಿಷಕ್ಕೆ ಮೆತ್ತಗೆ, ಅರ್ಧ ತಾಸು ಆದರೆ ಜೆಲ್ ಅತ್ತಿತ್ತ ಸರಿದು ತೊಡೆಸಂದಿ ಉಜ್ಜುತ್ತದೆ. ಸೀಟಿನ ಮೇಲೆ ಭಾರ ಬೀಳಬೇಕಾದ್ದು ಕುಂಡೆಯ ಎರಡು ಎಲುಬಿನ ಮೇಲೆ. ಅಷ್ಟು ಅಗಲ ಇದ್ದು ಸ್ವಲ್ಪ ಗಟ್ಟಿ ಇರುವ ಸೀಟೇ ಸರಿ. ಹುಡುಗರ ಸೈಕಲ್ಲಿನ ಸೀಟು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸಪೂರ ಆಗುತ್ತದೆ, ಬದಲಿಸಿ. ಅಂಗೈ ಕೆಂಪಾಗುವುದಕ್ಕೆ ಹ್ಯಾಂಡಲ್ ಎತ್ತರಿಸಿ ಕೊಡಲು ಹೇಳಿ. ಮೈಭಾರ ಕೈ ಮೇಲೆ ಬಿದ್ದಿದೆ.


ರಾಣೆಬೆನ್ನೂರಿನ_ಅಕ್ಕ:

ತಂಗೀ, ನಿನ್ನ ಕೊನೆಯ ಪ್ರಶ್ನೆಗೆ ಇವರ್ಯಾರೂ ಉತ್ತರ ಕೊಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ 51, ಶುರು ಮಾಡಿದಾಗ 89 ಕೆಜಿ.

ಜನ ನೋಡುತ್ತಾರೆ. ಮೊದಲ ವಾರ ಹೌದು, ತಿರುಗಿ ತಿರುಗಿ ನೋಡಿದರು, ಒಬ್ಬಳು ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು, ಮನೆಗೆ ಬಂದು ಅತ್ತೆ. ಎರಡನೇ ವಾರ ನೋಡುವವರು ಕಡಿಮೆ ಆದರು. ಮೂರನೇ ವಾರ ದಿನಾ ಎದುರಿಗೆ ಸಿಗುವ ಹಾಲಿನ ಅಜ್ಜ ಕೈ ಅಡ್ಡ ಮಾಡಿ ನಿಲ್ಲಿಸಿದರು. ಏನೋ ಅನ್ನುತ್ತಾರೆ ಅಂತ ಎದೆ ಹೊಡೆದುಕೊಂಡಿತು. "ಅಕ್ಕಾರ, ಹಿಂದಿನ ಗಾಲಿಗೆ ಗಾಳಿ ಕಡಿಮಿ ಐತಿ ನೋಡ್ರಿ" ಅಂದರು. ಅಷ್ಟೇ. ಅವತ್ತಿನಿಂದ ಆ ರಸ್ತೆ ನನ್ನದು ಅನಿಸಿತು. ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗು. ಆಗ ನೀನು ದಾರಿಯವರಿಗೆ ಪರಿಚಯ ಆಗುತ್ತೀ.

ಬಟ್ಟೆ ಬಹಳ ಮುಖ್ಯ. ವೇಲ್ ಹಾಕಲೇಬೇಡ, ಸೀರೆಯಲ್ಲಂತೂ ಬೇಡ, ಚಕ್ರದ ಕಡ್ಡಿಗೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಚೂಡಿದಾರದ ಬಲಗಾಲಿನ ಅಂಚಿಗೆ ಒಂದು ರಬ್ಬರ್ ಬ್ಯಾಂಡ್ ಹಾಕು, ಚೈನಿಗೆ ಹೋಗುವುದಿಲ್ಲ. ಒಳಗೆ ಹಾಕುವ ಪ್ಯಾಡ್ ಇರುವ ಸೈಕಲ್ ಚಡ್ಡಿ ಸಿಗುತ್ತದೆ, ಸೀಟಿನ ಕವರಿಗಿಂತ ಅದು ಸಾವಿರ ಪಾಲು ವಾಸಿ. ಅದರ ಒಳಗೆ ಬೇರೆ ಒಳಉಡುಪು ಹಾಕಬಾರದು, ಹೊಲಿಗೆ ಉಜ್ಜಿ ಗಾಯ ಆಗುತ್ತದೆ. ದಿನಾ ಒಗೆದು ಬಿಸಿಲಿಗೆ ಹಾಕು. ತೊಡೆಸಂದಿಗೆ ಸ್ವಲ್ಪ ವ್ಯಾಸಲಿನ್ ಸವರು. ಸೀಟಿನ ನೋವು ಹದಿನೈದು ದಿನದಲ್ಲಿ ತಾನೇ ಕಡಿಮೆ ಆಗುತ್ತದೆ, ಒಂದು ದಿನ ಬಿಟ್ಟು ಒಂದು ದಿನ ಹೋದರೆ ಮೈಗೂ ಸುಧಾರಿಸಿಕೊಳ್ಳಲು ಆಗುತ್ತದೆ.

ನಾಯಿ ಬೆನ್ನು ಹತ್ತಿದರೆ ಜೋರಾಗಿ ತುಳಿಯಬೇಡ. ಇಳಿದುಬಿಡು, ಸೈಕಲ್ಲನ್ನು ನಾಯಿಗೂ ನಿನಗೂ ನಡುವೆ ಇಟ್ಟುಕೊಂಡು ಮೆಲ್ಲಗೆ ನಡೆ. ಓಡುವುದನ್ನು ಕಂಡರೇ ಅವು ಅಟ್ಟಿಸುವುದು.

ಏರು ಬಂದರೆ ಇಳಿದು ತಳ್ಳು, ಅದಕ್ಕೆ ನಾಚಿಕೆ ಬೇಡ. ಹೆಲ್ಮೆಟ್ ಮರೆಯಬೇಡ.


ಸಪ್ತಾಪುರದವಳು:

ಆರು ವಾರ ಆಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಬೆಟಗೇರಿಯ ಅಣ್ಣ ಹೇಳಿದ ಹಾಗೆ ಕಡ್ಡಿ ಮೀಟಿ ನೋಡಿದೆ, ಹಿಂದೆ ಆರು ಡಬ್ ಅಂದವು, ಒಂದು ಮುರಿದೇ ಇತ್ತು. ಕೂತುಕೊಂಡು ಮೂವತ್ತಾರು ಕಡ್ಡಿ ಎಣಿಸಿದೆ. ಅಂಗಡಿಯವರು ಬಿಗಿ ಮಾಡಿ, ಸೀಟು ಬದಲಿಸಿ, ಹ್ಯಾಂಡಲ್ ಎತ್ತರಿಸಿ ಕೊಟ್ಟರು. ಹಿಂದೆ ಸ್ಪ್ರಿಂಗ್ ಇಲ್ಲ. ಸದ್ದು ನಿಂತಿತು. ಮೊದಲ ಎರಡು ವಾರ ಕೆಸಿಡಿ ಒಳಗೇ ಹನ್ನೆರಡು ನಿಮಿಷ, ಹದಿನಾಲ್ಕು ನಿಮಿಷ. ಸೀಟಿನ ನೋವು ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಹೋಯಿತು, ಹೋದದ್ದೇ ಗೊತ್ತಾಗಲಿಲ್ಲ. ಸೀಟನ್ನು ಮೂರು ಬೆರಳು ಏರಿಸಿದ್ದೇನೆ, ಈಗ ಮಂಡಿ ಏನೂ ಅನ್ನುವುದಿಲ್ಲ. ಹಿಮ್ಮಡಿ ಬೆಳಿಗ್ಗೆ ಇನ್ನೂ ಸ್ವಲ್ಪ ಚುಚ್ಚುತ್ತದೆ, ಟವೆಲ್ ಮಾಡುತ್ತಿದ್ದೇನೆ.

ಈಗ ದಿನ ಬಿಟ್ಟು ದಿನ 25 ನಿಮಿಷ. ತೂಕ 91.8. ದೀಪಾವಳಿ ನಡುವೆ ಬಂತು, ಕರಜಿಕಾಯಿ ಒಂದೆರಡು ತಿಂದೆ, ಆ ವಾರ ಮುಳ್ಳು ಅಲುಗಲಿಲ್ಲ. ಆದರೆ ಮೊನ್ನೆ ಆಫೀಸಿನ ಎರಡನೇ ಮಹಡಿಗೆ ಹತ್ತಿ ಹೋಗುತ್ತಲೇ ಒಂದು ಫೋನ್ ಬಂತು, ಎತ್ತಿಕೊಂಡು ಮಾತಾಡಿದೆ. ಇಟ್ಟಮೇಲೆ ನೆನಪಾಯಿತು, ಉಸಿರು ತಗೊಳ್ಳಲು ನಾನು ನಿಂತೇ ಇರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಸುಮ್ನೆ ಇದ್ದೆ.

ನಿನ್ನೆ ಯೂನಿವರ್ಸಿಟಿ ಗುಡ್ಡಕ್ಕೆ ಹೋದೆ. ಅರ್ಧ ತುಳಿದೆ, ಅರ್ಧ ತಳ್ಳಿದೆ. ಮೇಲೆ ನಿಂತು ನೀರು ಕುಡಿದೆ, ಊರೆಲ್ಲ ಮಂಜಿನಲ್ಲಿತ್ತು. ಇಳಿಯುವಾಗ ಮಾತ್ರ ಹೆದರಿಕೆ ಆಯಿತು, ಬ್ರೇಕ್ ಪೂರ್ತಿ ಹಿಡಿದರೂ ಸೈಕಲ್ ನಿಲ್ಲದೆ ಎಳೆದುಕೊಂಡು ಹೋದ ಹಾಗೆ ಆಯಿತು. ಇದು ನನ್ನ ಭಾರಕ್ಕಾ, ಬ್ರೇಕ್ ಕೆಟ್ಟಿದೆಯಾ?


ಬೆಟಗೇರಿ_ಅಂಗಡಿ:

ಎರಡೂ ಇರಬಹುದು ಅಕ್ಕಾರ. ಭಾರ ಜಾಸ್ತಿ ಇದ್ದಷ್ಟೂ ನಿಲ್ಲಿಸಲು ದೂರ ಜಾಸ್ತಿ ಬೇಕು. ಆದರೆ ನಿಂತ ಸೈಕಲ್ಲಿನ ಬ್ರೇಕ್ ರಬ್ಬರ್ ಒಣಗಿ ಕಲ್ಲಾಗಿರುತ್ತದೆ, ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿಯದಿದ್ದರೆ, ಅಥವಾ ರಬ್ಬರಿನ ಮೇಲಿನ ಗೀರು ಸವೆದು ಸಪಾಟಾಗಿದ್ದರೆ ನಾಲ್ಕನ್ನೂ ಬದಲಿಸಿ, ಕೇಬಲ್ ಕೂಡ ಹೊಸದು ಹಾಕಿಸಿ. ರಿಮ್ಮಿಗೆ ಎಣ್ಣೆ ತಾಗಿದ್ದರೆ ಸೋಪಿನ ನೀರಲ್ಲಿ ಒರೆಸಿ. ಇಳಿಜಾರಲ್ಲಿ ವೇಗ ಬರುವ ಮೊದಲೇ ಎರಡೂ ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಮುಂದಿನದೊಂದನ್ನೇ ಗಟ್ಟಿ ಹಿಡಿಯಬೇಡಿ. ರಬ್ಬರ್ ಬದಲಿಸುವ ತನಕ ಗುಡ್ಡ ಬೇಡ, ಕೆಸಿಡಿಯಲ್ಲೇ ಹೊಡೆಯಿರಿ.


ಸಪ್ತಾಪುರದವಳು:

ಉಗುರು ಇಳಿಯಲಿಲ್ಲ ಅಣ್ಣಾ. ಆಫೀಸು ಬಿಟ್ಟ ಕೂಡಲೇ ಸಂಜೆ ಅಂಗಡಿಗೆ ಒಯ್ಯುತ್ತೇನೆ.